ಮೀನಿಗೆ ಉತಾರ ಇಲ್ಲ

ಬಾದಾಮಿಯ ಎರಡನೇ ಗುಹೆಗೆ ಬಂದವರು ವರಾಹನನ್ನು ನೋಡುತ್ತಾರೆ, ತ್ರಿವಿಕ್ರಮನನ್ನು ನೋಡುತ್ತಾರೆ, ಮಂಗ್ಯಾನ ಕೈಯಿಂದ ಮೊಬೈಲು ಕಾಪಾಡಿಕೊಂಡು ಮೂರನೇ ಗುಹೆಗೆ ಏರುತ್ತಾರೆ. ತಲೆ ಎತ್ತಿ ಛಾವಣಿ ನೋಡುವವರು ಕಡಿಮೆ. ಅಲ್ಲಿ ಚೌಕಟ್ಟಿನೊಳಗೆ ಒಂದು ಚಕ್ರವಿದೆ. ಚಕ್ರದ ಕಡ್ಡಿಗಳಿರಬೇಕಾದ ಜಾಗದಲ್ಲಿ ಕಲ್ಲುಕುಟಿಗರು 16 ಮೀನು ಕೂರಿಸಿದ್ದಾರೆ. ಅದು ಏನನ್ನು ಸೂಚಿಸುತ್ತದೆ ಎಂದು ಪಂಡಿತರು ಬೇಕಾದ್ದು ಹೇಳಲಿ, ನನಗಂತೂ ಈಚೆಗೆ ಅನುಮಾನವೇ ಉಳಿದಿಲ್ಲ. ಅದು ಟರ್ಬೈನು. ಸಾವಿರದ ನಾನೂರು ವರ್ಷದ ಹಿಂದೆಯೇ ನಮ್ಮ ಚಾಲುಕ್ಯರು ಕಿರು ಜಲವಿದ್ಯುತ್ ಯೋಜನೆಯ ಡಿಪಿಆರ್ ತಯಾರಿಸಿ, ಯಾವ ಇಲಾಖೆಯೂ ಫೈಲು ಕಳೆಯಬಾರದೆಂದು ಕಲ್ಲಿನಲ್ಲೇ ಕೊರೆದಿಟ್ಟಿದ್ದಾರೆ. ಮೀನನ್ನು ಒಳಗೆ ಹಾಕಿದರೆ ಚಕ್ರ ತಿರುಗುತ್ತದೆ ಎಂಬ ತತ್ವವನ್ನು ಇಷ್ಟು ಚೆಂದವಾಗಿ ಇಂದಿನ ಯಾವ ಕನ್ಸಲ್ಟಂಟನೂ ಬಿಡಿಸಿಲ್ಲ.

ಬಾಗಲಕೋಟೆ ಜಿಲ್ಲೆಯವನಿಗೆ ಬೆಟ್ಟದ ಹೊಳೆಯ ಮೀನಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮಲ್ಲಿ ಬೆಟ್ಟ ಇದೆ, ಹೊಳೆಯೂ ಇದೆ, ಆದರೆ ಬೆಟ್ಟದ ಹೊಳೆ ಎಂಬ ಜೋಡಿ ಸಿಗುವುದು ಕಷ್ಟ. ಬಾದಾಮಿಯ ಅಕ್ಕ-ತಂಗಿ ಜಲಪಾತ ದೊಡ್ಡ ಮಳೆ ಬಿದ್ದಾಗ ಬಂಡೆಯಿಂದ ಧುಮುಕುತ್ತದೆ, ಮಳೆ ನಿಂತ ಮೇಲೆ ಅಕ್ಕನೂ ಇಲ್ಲ, ತಂಗಿಯೂ ಇಲ್ಲ. ಹುನಗುಂದ, ಇಳಕಲ್ಲಿನ ಹಳ್ಳಗಳು ಬೇಸಿಗೆಯಲ್ಲಿ ನೀರಿಗಿಂತ ಜಾಲಿಗಿಡಕ್ಕೆ ಪ್ರಸಿದ್ಧ. ಆದರೂ ಈ ವಿಷಯದಲ್ಲಿ ಮಾತಾಡಲು ನಮಗಿಂತ ಅರ್ಹರು ರಾಜ್ಯದಲ್ಲಿ ಸಿಗಲಾರರು. ನಾವು ಮುಳುಗಡೆ ಜಿಲ್ಲೆಯವರು. ಹಳೇ ಬಾಗಲಕೋಟೆಯ ಓಣಿಗಳನ್ನು ಆಲಮಟ್ಟಿಯ ಹಿನ್ನೀರಿಗೆ ಕೊಟ್ಟು ನವನಗರದ ಸೆಕ್ಟರುಗಳಿಗೆ ಬಂದವರು. ನಮ್ಮ ಹುಡುಗರು 17ರ ಮಗ್ಗಿ ತಪ್ಪಬಹುದು, ಆಲಮಟ್ಟಿಯ ಎತ್ತರದ 519.6 ಮತ್ತು 524.256 ಮೀಟರ್ ಎಂಬ ಎರಡು ಅಂಕಿಗಳಲ್ಲಿ ಮಾತ್ರ ಒಂದು ದಶಾಂಶವೂ ತಪ್ಪುವುದಿಲ್ಲ. ಸರ್ಕಾರ ಒಂದು ಅಂಕಿ ಹೇಳಿದರೆ ಅದರ ಹಿಂದೆ ಯಾರ ಮನೆ ಇದೆ ಎಂದು ನೋಡುವುದು ನಮಗೆ ಚಟವಾಗಿಬಿಟ್ಟಿದೆ.

ಈಗ ನನ್ನ ಕಣ್ಣಿಗೆ ಬಿದ್ದಿರುವ ಅಂಕಿ 25.

1999ರಲ್ಲಿ ಕೇಂದ್ರ ಸರ್ಕಾರ 25 ಮೆಗಾವ್ಯಾಟ್‌ವರೆಗಿನ ಎಲ್ಲ ಜಲವಿದ್ಯುತ್ ಯೋಜನೆಗಳನ್ನೂ ಸಣ್ಣವು ಎಂದು ಕರೆದು, ಅಸಾಂಪ್ರದಾಯಿಕ ಇಂಧನದ ಸಚಿವಾಲಯದ ಉಡಿಗೆ ಹಾಕಿತು. 2006ರಲ್ಲಿ ಪರಿಸರ ಪರಿಣಾಮ ಅಂದಾಜಿನ ಅಧಿಸೂಚನೆ ಬಂತು. ಅದರ ಪ್ರಕಾರ 25 ಮೆಗಾವ್ಯಾಟ್‌ಗಿಂತ ಕಡಿಮೆ ಇದ್ದರೆ ಪರಿಸರ ಅನುಮತಿ ಬೇಕಿಲ್ಲ, ಅಂದಾಜು ವರದಿ ಬೇಕಿಲ್ಲ, ಊರವರನ್ನು ಶಾಮಿಯಾನದ ಕೆಳಗೆ ಕೂರಿಸಿ ಅಹವಾಲು ಕೇಳುವ ನಾಟಕವೂ ಬೇಕಿಲ್ಲ. ಅಂದಿನಿಂದ ನಮ್ಮ ಬೆಟ್ಟಗಳಲ್ಲಿ ಒಂದು ಪವಾಡ ನಡೆಯಿತು. ಯಾವ ಹೊಳೆಯನ್ನು ಅಳೆದರೂ ಅದರ ಶಕ್ತಿ 24 ಮೆಗಾವ್ಯಾಟ್ ಬರುತ್ತದೆ, ಇಲ್ಲವೆ 24.75 ಬರುತ್ತದೆ. 25ರ ಹೊಸ್ತಿಲ ಹತ್ತಿರ ಬಂದು ಚಪ್ಪಲಿ ಬಿಟ್ಟು ಹೊರಗೇ ಕೂರುತ್ತದೆ. ಪ್ರಕೃತಿಗೆ ಸರ್ಕಾರಿ ಅಧಿಸೂಚನೆಯ ಮೇಲೆ ಇಷ್ಟೊಂದು ಗೌರವ ಇರುವುದನ್ನು ಕಂಡರೆ ಕಣ್ಣು ತುಂಬಿ ಬರುತ್ತದೆ.

ಪಶ್ಚಿಮ ಘಟ್ಟದ ಗುಂಡ್ಯ ಕೊಳ್ಳದಲ್ಲಿ ಪವಾಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಅಕ್ಕಪಕ್ಕದ ಎರಡು ಯೋಜನೆಗಳು ಬಿಡಿಬಿಡಿಯಾಗಿ ನೋಡಿದರೆ 25ರ ಒಳಗೆ, ಕೂಡಿಸಿದರೆ 25ರ ಆಚೆ. ಇದು ಒಂದೇ ಯೋಜನೆಯನ್ನು ಎರಡಾಗಿ ಸೀಳಿದ್ದು ಎಂಬ ತಕರಾರು ಹೈಕೋರ್ಟಿನ ಮೆಟ್ಟಿಲು ಹತ್ತಿತು. ಅಣ್ತಮ್ಮಂದಿರು ಬೇರೆಯಾದೆವೆಂದು ಎರಡು ರೇಷನ್ ಕಾರ್ಡು ಮಾಡಿಸಿ ಒಂದೇ ಒಲೆಯಲ್ಲಿ ರೊಟ್ಟಿ ಬಡಿದು ತಿನ್ನುವ ಕಲೆ ನಮ್ಮ ಕಡೆಯವರಿಗೇ ಗೊತ್ತು ಎಂದುಕೊಂಡಿದ್ದೆ. ಘಟ್ಟದ ಮೇಲೂ ಅದು ತಲುಪಿದೆ.

ಆಲಮಟ್ಟಿಯ ವಿದ್ಯುದಾಗಾರದ ಲೆಕ್ಕ ನೋಡಿ. ಒಟ್ಟು 290 ಮೆಗಾವ್ಯಾಟ್. 55ರ ಐದು ಘಟಕ, ಕೊನೆಗೆ 15ರ ಒಂದು ಮರಿ ಘಟಕ. ನಮ್ಮ ಊರುಗಳನ್ನು ನುಂಗಿದ ಅಣೆಕಟ್ಟಿನಲ್ಲಿ ಆ ಆರನೆಯದು ಮನೆಯ ಕಡೇ ಕೂಸು, ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದೇ 15 ಮೆಗಾವ್ಯಾಟನ್ನು ಒಯ್ದು ಸಕಲೇಶಪುರದ ಆಚೆ ಒಂದು ತೊರೆಯ ಮೇಲೆ ಇಟ್ಟರೆ ಆ ತೊರೆಯ ಪಾಲಿಗೆ ಅದೇ ಆಲಮಟ್ಟಿ. ಸಣ್ಣದು ದೊಡ್ಡದು ಎಂಬುದು ಯಂತ್ರದ ಮೇಲೆ ಅಂಟಿಸುವ ಚೀಟಿ. ಹೊಳೆ ಎಷ್ಟು ಸಣ್ಣದು ಎಂದು ಯಾರೂ ಕೇಳಲಿಲ್ಲ.

ಈ ಯೋಜನೆಗಳ ಬಗ್ಗೆ ಒಂದು ಸುಂದರ ಕತೆ ಚಾಲ್ತಿಯಲ್ಲಿದೆ. ಇಲ್ಲಿ ಅಣೆಕಟ್ಟೇ ಇಲ್ಲ, ಮುಳುಗಡೆಯೇ ಇಲ್ಲ, ಹರಿಯುವ ನೀರು ಹರಿಯುತ್ತಲೇ ಇರುತ್ತದೆ, ನಡುವೆ ಸ್ವಲ್ಪ ಕರೆಂಟು ಕೊಟ್ಟು ಹೋಗುತ್ತದೆ. ಕೇಳಿದರೆ ಯಾರಿಗಾದರೂ ಒಂದು ಹಾಕಿಸಿಕೊಳ್ಳಬೇಕು ಅನ್ನಿಸುತ್ತದೆ. ನಿಜದಲ್ಲಿ ಆಗುವುದು ಇಷ್ಟು: ಹೊಳೆಗೆ ಅಡ್ಡಲಾಗಿ ಒಂದು ಒಡ್ಡು ಕಟ್ಟುತ್ತಾರೆ. ಅಲ್ಲಿಂದ ನೀರನ್ನು ಕಾಲುವೆಗೋ ಸುರಂಗಕ್ಕೋ ತಿರುಗಿಸಿ, ಗುಡ್ಡದ ಬದಿಯಲ್ಲಿ ಸಾಗಿಸಿ, ಸಾಕಷ್ಟು ಎತ್ತರ ಸಿಕ್ಕ ಕಡೆ ಕೊಳವೆಯಲ್ಲಿ ಕೆಳಕ್ಕೆ ಬಿಟ್ಟು ಟರ್ಬೈನು ತಿರುಗಿಸುತ್ತಾರೆ. ಅಲ್ಲಿ ನೀರು ಮತ್ತೆ ಹೊಳೆ ಸೇರುತ್ತದೆ. ಹರಿಯುವ ನೀರು ಹರಿಯುತ್ತಲೇ ಇದೆ ನಿಜ, ಹೊಳೆಯಲ್ಲಿ ಅಲ್ಲ, ಪೈಪಿನಲ್ಲಿ. ಒಡ್ಡಿನಿಂದ ವಿದ್ಯುದಾಗಾರದವರೆಗಿನ ಕಿಲೋಮೀಟರುಗಟ್ಟಲೆ ಪಾತ್ರದಲ್ಲಿ ಉಳಿಯುವುದು ಬಂಡೆ, ಬಂಡೆಗಳ ನಡುವೆ ನಿಂತ ಗುಂಡಿ, ಗುಂಡಿಯಲ್ಲಿ ಬಿಸಿಯೇರುವ ನೀರು. ವಿದ್ಯುದಾಗಾರದ ಕೆಳಗಿನ ಕತೆ ಬೇರೆ. ಬೇಸಿಗೆಯಲ್ಲಿ ಒಡ್ಡಿನ ಹಿಂದೆ ನೀರು ಕೂಡಿಟ್ಟು ಸಂಜೆ ಬೇಡಿಕೆ ಏರಿದಾಗ ಬಿಡುತ್ತಾರೆ. ಅಲ್ಲಿನ ಹೊಳೆಗೆ ದಿನಕ್ಕೊಂದು ಬರ, ದಿನಕ್ಕೊಂದು ಪ್ರವಾಹ. ನಮ್ಮ ಕೃಷ್ಣೆಗೆ ಕೂಡ ಎರಡನ್ನೂ ತೋರಿಸಲು ವರ್ಷ ಬೇಕಾಗುತ್ತದೆ.

ಅಲ್ಲಿ ವಾಸ ಮಾಡುವವರು ಯಾರು? ಒಂದು ಜಾತಿಯ ಪುಟ್ಟ ಮೀನುಗಳಿವೆ, ರಭಸದ ನೀರಲ್ಲಿ ಎದೆ-ಹೊಟ್ಟೆಯ ರೆಕ್ಕೆಗಳನ್ನು ಅಗಲಿಸಿ ಕಲ್ಲಿಗೆ ಅಂಟಿಕೊಂಡು ಬದುಕುತ್ತವೆ. ನೀರು ಜೋರಾಗಿ ಹರಿಯುವುದೇ ಅವಕ್ಕೆ ಉಸಿರು. ಹರಿವು ನಿಂತರೆ ಈಜಿ ಬೇರೆ ಕಡೆ ಹೋಗೋಣವೆಂದರೆ ಮೇಲೆ ಒಡ್ಡು, ಕೆಳಗೆ ಒಣ ಬಂಡೆ. ಇನ್ನೊಂದು ದೊಡ್ಡ ಮನೆತನದ ಮೀನು ಮಹಶೀರ್. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಇವು ಎದುರು ಈಜಿ ಮೇಲಕ್ಕೆ ಹೋಗಿ, ತಿಳಿನೀರಿನ ನೊರಜುಗಲ್ಲಿನ ಮೇಲೆ ಮೊಟ್ಟೆ ಇಡುತ್ತವೆ. ಇವಕ್ಕೆ ದಾರಿ ಬೇಕು, ಕಲ್ಲು ಬೇಕು, ತಣ್ಣಗಿನ ನೀರು ಬೇಕು. ಯೋಜನೆ ಮೂರನ್ನೂ ಒಂದೇ ಏಟಿಗೆ ಕಿತ್ತುಕೊಳ್ಳುತ್ತದೆ.

ಇದು ಕಟ್ಟೆಯ ಮೇಲಿನ ಊಹೆಯಲ್ಲ. ಸಂಶೋಧಕರಾದ ಸುಮನ್ ಜುಮಾನಿ ಮತ್ತು ಜೊತೆಗಾರರು ನೇತ್ರಾವತಿಯ ಮೇಲ್ಭಾಗದಲ್ಲಿ ಯೋಜನೆ ಬಂದ ಉಪನದಿಗಳನ್ನೂ ಬಾರದ ಉಪನದಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಒಡ್ಡು ಬಿದ್ದ ಕಡೆ ನೀರಿನ ಆಳ, ಬಿಸಿ, ಕರಗಿದ ಆಮ್ಲಜನಕ ಎಲ್ಲವೂ ಬದಲಾಗಿತ್ತು, ಮೀನಿನ ಸಂಸಾರವೂ ಬದಲಾಗಿತ್ತು. ಅಲ್ಲಿಗೇ ವಿಶೇಷವಾದವು ಹಿಂದೆ ಸರಿದು, ಎಲ್ಲಿ ಬಿಟ್ಟರೂ ಬದುಕುವಂಥವು ಜಾಗ ಹಿಡಿದಿದ್ದವು. 2018ರಲ್ಲಿ ಅದು ಪ್ರಕಟವಾಯಿತು. ಅದಕ್ಕೂ ಹಿಂದಿನ ವರ್ಷ ಪ್ರಕಟವಾದ ಅದೇ ತಂಡದ ಇನ್ನೊಂದು ಲೇಖನ ಸಣ್ಣ ಯೋಜನೆಗಳ ದೊಡ್ಡ ಉಪದ್ರವಗಳನ್ನೇ ಪಟ್ಟಿ ಮಾಡಿತ್ತು, ಅದರಲ್ಲಿ ಆನೆ-ಮನುಷ್ಯರ ಜಗಳವೂ ಸೇರಿತ್ತು. ಚೀನಾದ ನೂ ನದಿಯಲ್ಲಿ 2013ರಷ್ಟು ಹಿಂದೆಯೇ ಲೆಕ್ಕ ಹಾಕಿದ ಇಬ್ಬರು ವಿಜ್ಞಾನಿಗಳು, ಒಂದು ಮೆಗಾವ್ಯಾಟ್‌ಗೆ ಇಷ್ಟು ಎಂದು ಭಾಗಿಸಿದರೆ ಕೆಲವು ವಿಷಯಗಳಲ್ಲಿ ಸಣ್ಣವು ದೊಡ್ಡವಕ್ಕಿಂತ ಹೆಚ್ಚು ಕೆಡಿಸುತ್ತವೆ ಎಂದು ತೋರಿಸಿದ್ದರು. ಜಗತ್ತಿನಲ್ಲಿ ಇಂಥ ಯೋಜನೆಗಳು 82 ಸಾವಿರಕ್ಕೂ ಹೆಚ್ಚು, 150 ದೇಶಗಳಲ್ಲಿ ಹಬ್ಬಿವೆ, ಒಂದು ದೊಡ್ಡದಕ್ಕೆ ಹನ್ನೊಂದು ಸಣ್ಣವು ಎಂದು 2018ರ ಇನ್ನೊಂದು ಲೆಕ್ಕ. ನಮ್ಮ ಕರ್ನಾಟಕ ಸುಮಾರು 1,280 ಮೆಗಾವ್ಯಾಟ್ ಕಿರು ಜಲವಿದ್ಯುತ್ತಿನೊಂದಿಗೆ ದೇಶಕ್ಕೇ ಮೊದಲು. ಯಾವುದರಲ್ಲಾದರೂ ಮೊದಲು ಬಂದರೆ ಫ್ಲೆಕ್ಸ್ ಹಾಕುವವರು ಇದಕ್ಕೆ ಯಾಕೆ ಹಾಕಿಲ್ಲವೋ.

ಮೀನುಗಳು ಪರಿಹಾರ ಕೇಳಲು ಎಲ್ಲಿಗೆ ಹೋಗಬೇಕು? ಅನುಭವ ಇರುವ ಕಡೆಗೇ ಹೋಗಬೇಕು. ಒಂದು ತಾಯಿ ಮಹಶೀರ್ ಬಸ್ಸು ಹತ್ತಿ ಬಾಗಲಕೋಟೆಗೆ ಬಂದು ಮುಳುಗಡೆ ಆಫೀಸಿನ ಕಿಟಕಿಯ ಮುಂದೆ ನಿಂತಿತು ಅಂತ ಇಟ್ಟುಕೊಳ್ಳಿ.

"ಏನವಾ, ಯಾವೂರಾಕಿ ನೀ?"

"ನೇತ್ರಾವತಿ ಕಡೇಕಿ ರೀ ಸಾಹೇಬ್ರ. ಮನಿ ಹೋತ್ರಿ."

"ದಕ್ಷಿಣ ಕನ್ನಡದಾಕಿ ಇಲ್ಲಿಗ್ಯಾಕ ಬಂದೀ?"

"ಪರಿಹಾರದ ವಿಷಯದಾಗ ನಿಮ್ಮಷ್ಟು ಅನುಭವ ಯಾರಿಗೂ ಇಲ್ಲಂದ್ರು ರೀ."

ಸಾಹೇಬರಿಗೆ ಸ್ವಲ್ಪ ಖುಷಿಯಾಯಿತು. ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ಆತು. ಉತಾರ ತಂದೀ?"

"ಉತಾರ ಅಂದ್ರ ಏನ್ರೀ?"

"ನಿನ್ನ ಹೆಸರಿಲೆ ಹೊಳಿ ಐತಿ ಅನ್ನೂದಕ್ಕ ಕಾಗದಪತ್ರ ಬೇಕಲ್ಲವಾ. ಸರ್ವೆ ನಂಬರ್? ವಾರಸಾ? ನಿಮ್ಮಪ್ಪನ ಮರಣ ದಾಖಲೆ?"

"ನಮ್ಮಪ್ಪ ಒಡ್ಡಿನ ಕೆಳಗ ಗುಂಡಿಯೊಳಗ ಸತ್ತ ರೀ. ದಾಖಲೆ ಕೊಡವ್ರು ಯಾರೂ ಬರಲಿಲ್ಲ."

"ಹಂಗಾದ್ರ ಕಷ್ಟ ಐತಿ. ಇರ್ಲಿ, ನಿನ್ನ ಮನಿ ಎಷ್ಟು ಮೀಟರ್ ನೀರಾಗ ಮುಳುಗೇತಿ?"

"ಮುಳುಗಿಲ್ಲ ರೀ ಸಾಹೇಬ್ರ. ಒಣಗೇತಿ."

ಸಾಹೇಬರು ಫೈಲು ಮುಚ್ಚಿದರು. "ನೋಡವಾ, ಇದು ಮುಳುಗಡಿ ಆಫೀಸು. ಒಣಗಿದವ್ರಿಗೆ ಬ್ಯಾರೆ ಸ್ಕೀಮು ಬರಬೇಕು. ನೀ ಒಂದು ಅರ್ಜಿ ಕೊಟ್ಟು ಹೋಗು, ಟಪಾಲಿಗೆ ಹಾಕೋಣು. ಆಧಾರ್ ಜೆರಾಕ್ಸ್ ಹಚ್ಚೂದು ಮರೀಬ್ಯಾಡ."

ನಗಬೇಡಿ. ನಮ್ಮ ಅಜ್ಜಂದಿರು ಇದೇ ಕಿಟಕಿಯ ಮುಂದೆ ಇದೇ ಪ್ರಶ್ನೆಗಳಿಗೆ ಉತ್ತರ ಕೊಟ್ಟವರು. ಅವರಿಗೆ ಕೊನೆಗೂ ಅವಾರ್ಡು ಬಂತು, ಕಡಿಮೆಯಾಯಿತೆಂದು ಕೋರ್ಟಿಗೆ ಹೋದರು, ವಕೀಲರು ಉದ್ಧಾರವಾದರು. ಮೀನಿಗೆ ಅಷ್ಟೂ ಇಲ್ಲ. ಪರಿಹಾರ ಎಂದರೆ ಮೀನುಗಾರಿಕೆ ಇಲಾಖೆ ಕೆಳಗಿನ ಜಲಾಶಯಕ್ಕೆ ಕಾಟ್ಲಾ, ರೋಹು ಮರಿ ಬಿಟ್ಟು ಫೋಟೋ ತೆಗೆಸಿಕೊಳ್ಳುವುದು. ಗಂಗಾ ಬಯಲಿನ ಕಾಟ್ಲಾವನ್ನು ತಂದು ಹಾಕಿದರೆ ಘಟ್ಟದ ಮೀನು ಹೋದ ಜಾಗ ತುಂಬಿತು ಎನ್ನುವ ಲೆಕ್ಕವನ್ನು ಊರಿಗೂ ಅನ್ವಯಿಸಬಹುದಿತ್ತು. ಹಳೇ ಬಾಗಲಕೋಟೆಯವರನ್ನು ಎಬ್ಬಿಸಿ, ನವನಗರಕ್ಕೆ ಪಟ್ನಾದವರನ್ನು ತಂದು ಕೂರಿಸಿ, ಜನಸಂಖ್ಯೆ ಸರಿಹೋಯಿತು ಎನ್ನಬಹುದಿತ್ತು.

ನೀರು ಬಿಡುವುದರಲ್ಲೂ ಧಾರಾಳತನ ಇದೆ. ದೇಶದ ಎಲ್ಲ ನದಿಗಳಲ್ಲಿ ಬೇಸಿಗೆಯ ಸರಾಸರಿ ಹರಿವಿನ ಶೇಕಡಾ 15ರಿಂದ 20ರಷ್ಟಾದರೂ ಇರಲೇಬೇಕು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ಹೇಳಿತು. ಮೊದಲೇ ಕಡಿಮೆ ಇರುವ ಕಾಲದ ನೀರಿನಲ್ಲಿ ನೂರಕ್ಕೆ ಹದಿನೈದು. ನಮ್ಮ ಆಫೀಸುಗಳಲ್ಲಿ ಇದೇ ಶೇಕಡಾವಾರು ಇನ್ನೊಂದು ಬಾಬತ್ತಿಗೆ ಚಾಲ್ತಿಯಲ್ಲಿದೆ. ಅದು ಮಾತ್ರ ಯಾವ ಬೇಸಿಗೆಯಲ್ಲೂ ಬತ್ತಿದ್ದನ್ನು ಕಂಡವರಿಲ್ಲ.

ನಮ್ಮ ಜಿಲ್ಲೆಯವರಿಗೂ ಈ ಮೀನುಗಳಿಗೂ ಒಂದು ಸಂಬಂಧ ಇದ್ದೇ ಇದೆ, ದೇವರ ಮೂಲಕ. ರಜೆ ಬಂದರೆ ಇಳಕಲ್ಲಿನಿಂದ, ಹುನಗುಂದದಿಂದ, ಗುಳೇದಗುಡ್ಡದಿಂದ ಧರ್ಮಸ್ಥಳ, ಸುಬ್ರಹ್ಮಣ್ಯ, ಶೃಂಗೇರಿಗೆ ಟ್ರ್ಯಾಕ್ಸು ಹೊರಡುತ್ತವೆ. ಇಳಕಲ್ ಸೀರೆಯ ಅವ್ವಂದಿರು ತುಂಗೆಯ ಮೆಟ್ಟಿಲ ಮೇಲೆ ಕೂತು ಚುರುಮುರಿ ಎಸೆಯುತ್ತಾರೆ, ಮೊಳದುದ್ದದ ಮೀನುಗಳು ಬಾಯಿ ತೆರೆದು ಬರುತ್ತವೆ, ಕೈ ಮುಗಿಯುತ್ತಾರೆ. ಶಿಶಿಲದ ಶಿಶಿಲೇಶ್ವರನ ಮುಂದೆ ಕಪಿಲೆಯಲ್ಲೂ ಇಂಥವೇ ದೇವರ ಮೀನು. 1996ರಲ್ಲಿ ಯಾರೋ ಅಲ್ಲಿ ವಿಷ ಹಾಕಿ ಸಾವಿರಾರು ಮೀನು ಕೊಂದಾಗ ಊರು ಅತ್ತಿತು, ಸ್ಮಾರಕ ಕಟ್ಟಿಸಿತು. ವಿಷ ಹಾಕಿದರೆ ಅದು ಪಾಪ. ಎಂಟು ಕಿಲೋಮೀಟರು ಮೇಲೆ ಹೊಳೆಯನ್ನೇ ಪೈಪಿಗೆ ಹಾಕಿದರೆ ಅದು ಅಭಿವೃದ್ಧಿ. ದೇವರ ಅಧಿಕಾರ ವ್ಯಾಪ್ತಿ ಸ್ನಾನಘಟ್ಟದ ಕೊನೆಯ ಮೆಟ್ಟಿಲಿಗೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಇಂಧನ ಇಲಾಖೆ. ಮೀನಿಗೆ ಮಾತ್ರ ಈ ಗಡಿ ಗೊತ್ತಿಲ್ಲ, ಅದು ಚುರುಮುರಿ ತಿಂದು ಇಲ್ಲೇ ಮೊಟ್ಟೆ ಇಡಬಹುದಿತ್ತಲ್ಲ, ಮಳೆ ಬಿದ್ದ ಕೂಡಲೇ ಮೇಲಕ್ಕೆ ಹೊರಡುತ್ತದೆ.

ದೇವರ ಸನ್ನಿಧಿಗೇ ನೀರು ಬಂದರೆ ಸರ್ಕಾರ ಏನು ಮಾಡುತ್ತದೆ ಎಂಬುದಕ್ಕೆ ನಮ್ಮ ಕೂಡಲಸಂಗಮ ಸಾಕ್ಷಿ. ನಾರಾಯಣಪುರದ ಹಿನ್ನೀರು ಏರಿದಾಗ ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂಥ ಗೋಡೆ ಎಬ್ಬಿಸಿದರು, ಸೇತುವೆ ಹಾಕಿದರು, ಇಳಿಯಲು ಮೆಟ್ಟಿಲು ಮಾಡಿದರು. ಒಳ್ಳೆಯ ಕೆಲಸ. ಮನಸ್ಸು ಮಾಡಿದರೆ ಎಂಜಿನಿಯರಿಂಗಿನಿಂದ ಏನನ್ನಾದರೂ ಉಳಿಸಬಹುದು ಎಂದಾಯಿತು. ಮನಸ್ಸು ಮಾಡಲು ಹಿಂದೆ ಭಕ್ತರಿರಬೇಕು, ಭಕ್ತರಿಗೆ ಮತದಾರರ ಚೀಟಿ ಇರಬೇಕು.

ಎಲ್ಲ ಸಣ್ಣ ಯೋಜನೆಗಳೂ ಪಾಪಿಗಳು ಎಂದು ನಾನು ಹೇಳುತ್ತಿಲ್ಲ. ನಾರಾಯಣಪುರದ ಎಡದಂಡೆ ಕಾಲುವೆಯಂಥ ಕಡೆ, ಹೇಗೂ ಅಣೆಕಟ್ಟಿನಿಂದ ಹೊಲಕ್ಕೆ ಇಳಿಯುವ ನೀರಿಗೆ ಟರ್ಬೈನು ಒಡ್ಡಿದರೆ ಯಾವ ಮೀನಿಗೂ ಹೊಸ ನಷ್ಟ ಇಲ್ಲ. ಘಟಪ್ರಭೆಯ ಗೋಕಾಕ ಫಾಲ್ಸಿನ ನೀರು 1887ರಲ್ಲಿ ಹತ್ತಿ ಗಿರಣಿ ತಿರುಗಿಸಿತು. ಅಷ್ಟು ಎತ್ತರದ ಧಬಧಬೆಯನ್ನು ಯಾವ ಮೀನೂ ಹತ್ತುತ್ತಿರಲಿಲ್ಲ. ಕಾಲುವೆಯ ಮೇಲಿನ ಯಂತ್ರಕ್ಕೂ ಕನ್ನೆ ಹೊಳೆಯ ಮೇಲಿನ ಯಂತ್ರಕ್ಕೂ ಒಂದೇ ಹಸಿರು ಬಣ್ಣ ಬಳಿಯುವುದು ನನ್ನ ತಕರಾರು. ಆ ಬಣ್ಣಕ್ಕೆ ದುಡ್ಡೂ ಬರುತ್ತಿತ್ತು. ಕ್ಯೋಟೋ ಒಪ್ಪಂದದ ಕಾಲದಲ್ಲಿ ಕರ್ನಾಟಕದ ಹಲವು ಕಿರು ಯೋಜನೆಗಳು ಹೊಗೆ ಉಗುಳುವುದಿಲ್ಲವೆಂದು ಕಾರ್ಬನ್ ಕ್ರೆಡಿಟ್ಟಿಗೆ ಹೆಸರು ಹಚ್ಚಿದವು. ಜರ್ಮನಿಯಲ್ಲೋ ಜಪಾನಿನಲ್ಲೋ ಒಂದು ಕಾರ್ಖಾನೆ ನಿಶ್ಚಿಂತೆಯಿಂದ ಹೊಗೆ ಬಿಡಲು ಸಕಲೇಶಪುರದ ಒಂದು ಮೀನು ಉಸಿರು ಕಟ್ಟಬೇಕು ಎಂಬ ವ್ಯವಸ್ಥೆಗೆ ಸ್ವಚ್ಛ ಅಭಿವೃದ್ಧಿ ಎಂದು ಹೆಸರಿಟ್ಟರು.

2011ರಲ್ಲಿ ರಾಜ್ಯದ ಹೈಕೋರ್ಟು ಪಶ್ಚಿಮ ಘಟ್ಟದಲ್ಲಿ ಹೊಸ ಕಿರು ಜಲವಿದ್ಯುತ್ ಯೋಜನೆಗಳಿಗೆ ತಡೆ ಹಾಕಿತು. ಮೀನುಗಳ ಪರವಾಗಿ ಈ ರಾಜ್ಯದಲ್ಲಿ ನಡೆದ ಒಂದು ದೊಡ್ಡ ಕೆಲಸ ಅದು. ಮೊದಲೇ ಎದ್ದು ನಿಂತ ಒಡ್ಡುಗಳು ಅಲ್ಲೇ ಇವೆ.

ನಮ್ಮ ಕೈಯೂ ತೊಳೆದಿಟ್ಟದ್ದಲ್ಲ. ಬಾದಾಮಿ ತಾಲ್ಲೂಕಿನ ಮಲಪ್ರಭೆ ಬೇಸಿಗೆಯಲ್ಲಿ ಪಟ್ಟದಕಲ್ಲಿನ ಗುಡಿಗಳ ಹಿಂದೆ ಹೊಂಡಗಳ ಸಾಲಾಗುತ್ತದೆ. ಅದಕ್ಕೇ ಖಾನಾಪುರದ ಕಾಡಿನ ಕಳಸಾ, ಬಂಡೂರಿ ಹಳ್ಳಗಳ ನೀರು ನಮಗೆ ಬೇಕೆಂದು ವರ್ಷಗಟ್ಟಲೆ ರಸ್ತೆ ತಡೆದೆವು. ಕುಡಿಯುವ ನೀರು ಬೇಡ ಎನ್ನುವ ಎದೆಗಾರಿಕೆ ನನಗಿಲ್ಲ, ಬೇಕು. ಆದರೆ 2018ರಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ ಕೊಟ್ಟ 13.42 ಟಿಎಂಸಿ ಎಂಬ ಅಂಕಿಯನ್ನು ಬಿಡಿಸಿ ನೋಡಿದವರು ಎಷ್ಟು ಮಂದಿ? ಅದರಲ್ಲಿ ನಮ್ಮ ಮಲಪ್ರಭೆಗೆ ತಿರುಗುವುದು 3.9. ವಿದ್ಯುತ್ ಉತ್ಪಾದನೆಯ ಬಾಬತ್ತು 8.02. ಪಟಾಕಿ ಹಚ್ಚಿದ್ದು ನಾವು, ದೊಡ್ಡ ಪಾಲು ಬರೆಸಿಕೊಂಡದ್ದು ಟರ್ಬೈನು. ಮೂರು ರಾಜ್ಯಗಳ ವಕೀಲರು ವರ್ಷಗಟ್ಟಲೆ ವಾದಿಸಿದ ಆ ಹಳ್ಳಗಳಲ್ಲೂ ಕಲ್ಲಿಗೆ ಅಂಟಿ ಬದುಕುವವರು ಇದ್ದಾರೆ.

ಕರೆಂಟು ನಮಗೂ ಬೇಕು. ಇಳಕಲ್ಲಿನ ಕೆಂಪು ಗ್ರಾನೈಟು ಕೊಯ್ಯುವ ಗರಗಸಕ್ಕೆ ಬೇಕು, ಕೈಮಗ್ಗದ ಸದ್ದು ಅಡಗಿಸಿದ ಪವರ್‌ಲೂಮಿಗೆ ಬೇಕು, ಈ ಅಂಕಣ ಟೈಪು ಮಾಡುವ ಕಂಪ್ಯೂಟರಿಗೂ ಬೇಕು. ತಂತಿಯಲ್ಲಿ ಬರುವ ಕರೆಂಟಿಗೆ ಯಾವ ಹೊಳೆಯದು ಎಂಬ ಹಣೆಪಟ್ಟಿ ಇರುವುದಿಲ್ಲ. ಅಷ್ಟಕ್ಕೂ ಈ ಹೊಳೆಗಳು ಮೈತುಂಬಿ ಕರೆಂಟು ಕೊಡುವುದು ಮಳೆಗಾಲದಲ್ಲಿ. ಆಗ ಲಿಂಗನಮಕ್ಕಿ, ಸೂಪಾದಂಥ ದೊಡ್ಡ ಜಲಾಶಯಗಳಿಗೂ ನೀರು ಬರುತ್ತಿರುತ್ತದೆ, ಹೊಲದ ಪಂಪುಗಳು ಮಲಗಿರುತ್ತವೆ. ಮಾರ್ಚಿನಲ್ಲಿ ನಮ್ಮ ಪಂಪಿಗೆ ಕರೆಂಟು ಬೇಕಾದಾಗ ಬೆಟ್ಟದ ತೊರೆಯಲ್ಲಿ ಮೀನಿಗೇ ಸಾಲದಷ್ಟು ನೀರು.

2019ರಲ್ಲಿ ಕೇಂದ್ರ ಸರ್ಕಾರ 25ರ ಮೇಲಿನ ದೊಡ್ಡ ಜಲವಿದ್ಯುತ್ತನ್ನೂ ನವೀಕರಿಸಬಹುದಾದ ಇಂಧನದ ಪಟ್ಟಿಗೆ ಸೇರಿಸಿತು. ಹೊಗಳಿಕೆಗೆ ಸಣ್ಣದು-ದೊಡ್ಡದು ಎಂಬ ಭೇದ ಬೇಕಿಲ್ಲ, ಪರಿಶೀಲನೆಯಿಂದ ತಪ್ಪಿಸಿಕೊಳ್ಳಲು ಮಾತ್ರ ಬೇಕು. ಆದ್ದರಿಂದ ನಿಮ್ಮ ಊರಿಗೆ ಬರುವ ಸಾಹೇಬರಾಗಲಿ, ವೇದಿಕೆ ಹತ್ತುವ ಮಂತ್ರಿಗಳಾಗಲಿ "ಇದು ಸಣ್ಣ ಯೋಜನೆ ಐತ್ರಿ" ಎಂದರೆ ಎದ್ದು ನಿಂತು ಕೇಳಿ: ಎಷ್ಟು ಕಿಲೋಮೀಟರ್ ಹೊಳೆ ಒಣಗತೈತಿ? ಅದೇ ಹೊಳೆ ಮ್ಯಾಲೆ ಇಂಥಾವು ಇನ್ನೆಷ್ಟು ಅದಾವು? ಅವರು ಮೆಗಾವ್ಯಾಟ್ ಹೇಳಲು ಶುರು ಮಾಡಿದರೆ, ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿ.